ಡಿಸೆಂಬರಿನಲ್ಲಿ ಜ್ವರ ಬರುವುದಿಲ್ಲ

ನನಗೆ ಹುಟ್ಟಿನಿಂದಲೇ ಅಂಟಿಕೊಂಡಿರುವ ಒಂದು ಕಾಯಿಲೆಯೆಂದರೆ ಆತ್ಮವಿಶ್ವಾಸ. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದಿಲ್ಲವೆಂದು ಖಚಿತವಾಗಿ ಹೇಳಬಲ್ಲೆ. ಏಕೆಂದರೆ ಎಂಬತ್ತರ ದಶಕದ ಆರಂಭದಲ್ಲಿ ಅಂಥದೊಂದು ಆಸ್ಪತ್ರೆಯಲ್ಲೇ ಗುಮಾಸ್ತನಾಗಿದ್ದೆ. ಮುಳಬಾಗಿಲು ಕಡೆಯ ಸಣ್ಣ ಆಸ್ಪತ್ರೆ. ನಂಗಲಿಯಿಂದ ಬಸ್ಸು ಹತ್ತಿ ಬಂದವರು ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ನರಳುತ್ತಿದ್ದರು. ನಾನು ಎರಡನ್ನೂ ಸೇರಿಸಿ ‘ಜ್ವರ’ ಎಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಆ ವರ್ಷ ಹೊಸದಾಗಿ ಬಂದ ಡಾಕ್ಟರು, “ಫ್ಲೂ ಜ್ವರ ಯಾವ ತಿಂಗಳು ಜಾಸ್ತಿ ಅಂತ ತಿಳಿದ್ರೆ ಜಿಲ್ಲೆಯಿಂದ ಇನ್ನಿಬ್ಬರು ನರ್ಸುಗಳನ್ನ ಕೇಳಬಹುದು. ಹಳೇ ರಿಜಿಸ್ಟರ್ ನೋಡ್ತೀರಾ?” ಎಂದರು. ಕೇಳಬೇಕೆ! ಬಿ.ಕಾಂ.ನಲ್ಲಿ ಸಂಖ್ಯಾಶಾಸ್ತ್ರವನ್ನು ಎರಡು ಸಲ ಓದಿದವನು ನಾನು. ಮೊದಲ ಸಲ ಫೇಲಾಗಿದ್ದರಿಂದ. ಮೂರು ವರ್ಷದ ರಿಜಿಸ್ಟರುಗಳ ದೂಳು ಕೊಡವಿ, ಗ್ರಾಫ್ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಮಳೆಗಾಲದಲ್ಲಿ ಮೇಲೆದ್ದ ಗೆರೆ ನವೆಂಬರಿನಲ್ಲಿ ಇನ್ನೂ ಏರಿ, ಡಿಸೆಂಬರಿನಲ್ಲಿ ಹಗ್ಗ ಕಳಚಿದ ಕೊಡದಂತೆ ಬಾವಿಯ ತಳ ಸೇರಿತ್ತು. ಮೂರು ವರ್ಷವೂ ಹಾಗೆಯೇ! “ಹೆಚ್ಚಿನ ನರ್ಸುಗಳು ನವೆಂಬರಿಗೆ ಸಾರ್. ಡಿಸೆಂಬರಿನಲ್ಲಿ ಇರೋರಿಗೂ ರಜೆ ಕೊಡಬಹುದು,” ಎಂದೆ. ಡಾಕ್ಟರು ಬೆನ್ನು ತಟ್ಟಿದರು. ನಮ್ಮಲ್ಲಿದ್ದ ಒಬ್ಬರೇ ನರ್ಸು, ಹಿರಿಯರಾದ ರತ್ನಮ್ಮ, ಗ್ರಾಫ್ ನೋಡಿ ಏನೋ ಹೇಳಲು ಬಾಯಿ ತೆರೆದರು. “ಇದು ಸ್ಟ್ಯಾಟಿಸ್ಟಿಕ್ಸು ಸಿಸ್ಟರ್,” ಎಂದೆ. ಅವರು ಬಾಯಿ ಮುಚ್ಚಿ, ರಜೆ ಅರ್ಜಿ ಬರೆದುಕೊಟ್ಟು, ಸುಗಟೂರಿನ ತವರಿಗೆ ಹೊರಟುಹೋದರು.

ಡಿಸೆಂಬರಿನ ಮೊದಲ ವಾರವೇ ರೋಗಿಗಳ ಸಾಲು ರಸ್ತೆಗೆ ಬಂತು. ನವೆಂಬರಿಗೆಂದು ಜಿಲ್ಲೆಯಿಂದ ಬಂದಿದ್ದ ನರ್ಸುಗಳು ವಾಪಸು ಹೋಗಿದ್ದರು. ಒಳಗೆ ಡಾಕ್ಟರು ಮತ್ತು ನಾನು, ಇಬ್ಬರೇ. ಚೀಟಿ ಬರೆದೆ, ಥರ್ಮಾಮೀಟರ್ ಇಟ್ಟೆ, ಮಾತ್ರೆಯ ಪೊಟ್ಟಣ ಕಟ್ಟಿದೆ. ಅಷ್ಟರಲ್ಲಿ ಒಂದು ಮಗು ಜ್ವರದ ಕಾವಿಗೆ ಕಣ್ಣು ತೇಲಿಸಿಬಿಟ್ಟಿತು. ಡಾಕ್ಟರು ಹೇಳಿದಂತೆ ಅದರ ಮೈಗೆ ಒದ್ದೆ ಬಟ್ಟೆ ಒತ್ತತೊಡಗಿದೆ. ಅದರ ಅಜ್ಜಿ, “ಸಿಸ್ಟರಮ್ಮ ಎಲ್ಲೋದ್ರಪ್ಪಾ?” ಎಂದಳು. ಕಳಿಸಿದವನು ನಾನೇ ಎನ್ನುವ ಬದಲು ಬಟ್ಟೆಯನ್ನು ಮತ್ತೊಮ್ಮೆ ನೀರಿಗೆ ಅದ್ದಿದೆ. ಸಂಜೆಗೆ ಮಗು ಎದ್ದು ಕೂತು ಹಾಲು ಕುಡಿಯಿತು. ನಾನು ಅಂಚೆ ಕಚೇರಿಗೆ ಓಡಿ ಸುಗಟೂರಿಗೆ ತಂತಿ ಕೊಟ್ಟೆ.

ಮರುದಿನವೇ ರತ್ನಮ್ಮ ಬಂದಿಳಿದರು. “ಮೂರು ವರ್ಷ ಡಿಸೆಂಬರಿನಲ್ಲಿ ಜ್ವರವೇ ಇರ್ಲಿಲ್ವಲ್ಲ ಸಿಸ್ಟರ್?” ಎಂದು ಗೋಗರೆದೆ.

“ಜ್ವರ ಇತ್ತು ಸಾರ್, ಡಾಕ್ಟ್ರು ಇರ್ಲಿಲ್ಲ. ಹಳೇ ಡಾಕ್ಟ್ರು ವರ್ಷ ಮುಗಿಯೋದ್ರೊಳಗೆ ಉಳಿದಿರೋ ರಜೆಯೆಲ್ಲ ಹಾಕ್ಕೊಂಡು ಹೋಗ್ತಿದ್ರು. ಜನ ಬಂದು ನೋಡಿ, ಕೋಲಾರದ ಬಸ್ ಹತ್ತೋರು. ಹೇಳೋಣ ಅಂದ್ರೆ ನೀವು ಬಿಟ್ರಾ?”

ಆ ರಜೆ ಅರ್ಜಿಗಳನ್ನು ಫೈಲಿಗೆ ಸೇರಿಸಿದವನು ನಾನೇ. ಆದರೂ ಹೊಳೆಯದಿದ್ದುದಕ್ಕೆ ಬಲವಾದ ಕಾರಣವಿತ್ತು: ಡಿಸೆಂಬರಿನಲ್ಲಿ ನಾನೂ ರಜೆ ಹಾಕುತ್ತಿದ್ದೆ. ಡಾಕ್ಟರಲ್ಲಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ, “ಮುಂದಿನ ವರ್ಷ ಮೊದಲು ಸಿಸ್ಟರನ್ನ ಕೇಳಿ, ಆಮೇಲೆ ಗೆರೆ ಎಳೀರಿ,” ಎಂದರಷ್ಟೆ.

ಹಾಗೆಯೇ ಮಾಡಿದೆ. ಮರುವರ್ಷ ಡಿಸೆಂಬರಿಗೆ ಸರಿಯಾಗಿ ಇಬ್ಬರು ಹೊಸ ನರ್ಸುಗಳು ಬಂದರು. ಬಂದವರಿಗೆಲ್ಲ ಮಧ್ಯಾಹ್ನದೊಳಗೆ ಔಷಧಿ ಸಿಕ್ಕಿತು. ಇದು ನನ್ನ ಯೋಜನೆ ಎಂದು ಎದೆಯುಬ್ಬಿಸಿ ಓಡಾಡುತ್ತಿದ್ದವನಿಗೆ ಎರಡನೇ ವಾರ ಚಳಿ ಹಿಡಿಯಿತು. ಕಷಾಯ ಕುಡಿದು ಮಲಗುತ್ತೇನೆಂದು ಮೆಲ್ಲಗೆ ಜಾರುತ್ತಿದ್ದಾಗ ರತ್ನಮ್ಮ ಬಾಗಿಲಿಗೆ ಅಡ್ಡ ನಿಂತರು. ಅವರ ಹಿಂದೆ ಹೊಸಬರಿಬ್ಬರು. ಮೂವರ ಕೈಯಲ್ಲೂ ಸಿರಿಂಜು.

“ಯಾರ ಕೈಲಿ ಚುಚ್ಚಿಸ್ಕೊಳ್ತೀರಿ ಸಾರ್, ನೀವೇ ಹೇಳಿ.”

ಆಗ ಮಾತ್ರ, ಸಿಬ್ಬಂದಿ ಸ್ವಲ್ಪ ಹೆಚ್ಚಾಯಿತೇನೋ ಎನ್ನಿಸಿತು.