ಕಾಪು ಬ್ಲಾಕಿನ ಬಂಡಾಯ

ಆ ಭಾನುವಾರ ಬೆಳಿಗ್ಗೆ ಟೈಲರ್ ಕರುಣಾಕರನ ಚಹಾದ ಗಾಜಿನ ಲೋಟ ಗೋಡೆಗೆ ಬಡಿದು ಪುಡಿಯಾದದ್ದಕ್ಕೆ ಕಾರಣ ಅಂಗೈಯಗಲದ ಒಂದು ಕಾಗದ. ಉಡುಪಿಯಲ್ಲಿ ನಡೆಯುವ ಪಕ್ಷದ ಜಿಲ್ಲಾ ಸಮ್ಮೇಳನಕ್ಕೆ ಕಾಪುವಿನಿಂದ ಒಬ್ಬ ಪ್ರತಿನಿಧಿ ಹೋಗಬೇಕು. ಅಂದು ಮಧ್ಯಾಹ್ನವೇ ಚುನಾವಣೆ. ಕಾಗದದಲ್ಲಿ ‘ಅಧಿಕೃತ ಅಭ್ಯರ್ಥಿ: ಹಯಗ್ರೀವ’ ಎಂದಿತ್ತು.

ಹಯಗ್ರೀವ ಉಡುಪಿಯಲ್ಲಿ ಎರಡು ಹೋಟೆಲು ಇಟ್ಟವನು. ಪಕ್ಷ ಸೇರಿ ಒಂಬತ್ತು ತಿಂಗಳು. ಒಂಬತ್ತು ತಿಂಗಳಲ್ಲಿ ಮಗು ಹುಟ್ಟುತ್ತದೆ, ಸರಿ, ಪ್ರತಿನಿಧಿಯೂ ಹುಟ್ಟುತ್ತಾನೆಯೇ? ಕರುಣಾಕರನಾದರೋ ಹದಿನೆಂಟು ವರ್ಷ ಪಕ್ಷದ ಬಾವುಟ ಹೊಲಿದವನು, ಪೋಸ್ಟರಿಗೆ ಮೈದಾ ಅಂಟು ಕಾಯಿಸಿದವನು, ಮನೆಮನೆ ಸುತ್ತಿ ಸದಸ್ಯರನ್ನು ಮಾಡಿದವನು. ಒಮ್ಮೆಯಾದರೂ ಸಮ್ಮೇಳನದಲ್ಲಿ ಪ್ರತಿನಿಧಿಯಾಗಿ ಕೂರಬೇಕೆಂಬುದೊಂದೇ ಅವನ ಆಸೆ. ದುಡಿದವನು ಅಂಗಳದಲ್ಲಿ, ನಿನ್ನೆ ಬಂದವನು ಜಗಲಿಯಲ್ಲಿ! ಇದಕ್ಕೂ ಸಿಟ್ಟು ಬಾರದಿದ್ದರೆ ಅವನು ಮನುಷ್ಯನೇ ಅಲ್ಲ.

“ನಾನೂ ನಿಲ್ಲುತ್ತೇನೆ!” ಎಂದು ಗುಡುಗಿದ.

“ಮೊದಲು ಆಚೆ ನಿಲ್ಲಿ, ಕಾಲಿಗೆ ಚೂರು ತಾಗ್ತದೆ” ಎಂದಳು ಹೆಂಡತಿ ಮೋಹಿನಿ, ಪೊರಕೆ ಹಿಡಿದು.

ಪಕ್ಕದ ಮನೆಯ ಬರ್ತಾ ಬಾಯಿ ಕಂಪೌಂಡಿನ ಮೇಲಿಂದ ತಲೆ ಹಾಕಿದರು. “ಎಂತ ಕರುಣಾಕರಣ್ಣ, ಚುನಾವಣೆಯಾ? ನಿಮ್ಮಂಥವರೇ ಗೆಲ್ಲಬೇಕು. ಆದರೆ ನಿಲ್ಲಬೇಡಿ. ನಮ್ಮ ಆಂಟನಿಗೆ ಬೇಜಾರಾಗ್ತದೆ.”

ಆಂಟನಿ ಬರ್ತಾ ಬಾಯಿಯ ತಮ್ಮ, ಪಕ್ಷದ ಬ್ಲಾಕ್ ಅಧ್ಯಕ್ಷ. ಅಕ್ಕನ ಫೋನು ಹೋದ ಹತ್ತು ನಿಮಿಷಕ್ಕೆ ಅವನ ಸ್ಕೂಟರ್ ಅಂಗಳದಲ್ಲಿತ್ತು.

“ಬೇಡ ಮಾರಾಯ್ರೆ. ನಮ್ಮಲ್ಲಿ ಯಾವತ್ತೂ ಅವಿರೋಧ ಆಯ್ಕೆ ಅಲ್ವಾ? ಮುಂದಿನ ಸಲ ನಿಮ್ಮನ್ನೇ ಮಾಡುವ.”

“ಈ ಮಾತು ನೀವು ಹೇಳುವುದು ಇದು ಆರನೇ ಸಲ!”

ಮಧ್ಯಾಹ್ನ ಚುನಾವಣೆಗೆ ಹೊರಟಾಗ ದಾರಿಯುದ್ದಕ್ಕೂ ಸಿಕ್ಕಿದವರೆಲ್ಲ ಅವನ ಕಿವಿಯಲ್ಲಿ ಪಿಸುಗುಟ್ಟಿದರು: “ಮನಸ್ಸಿನಲ್ಲಿ ನನ್ನ ಓಟು ನಿಮಗೇ.” ಮನಸ್ಸನ್ನು ಮಡಚಿ ಪೆಟ್ಟಿಗೆಗೆ ಹಾಕಲಿಕ್ಕೆ ಆಗುತ್ತದೆಯೇ? ಹೇಡಿಗಳು!

ಬಸ್‌ಸ್ಟ್ಯಾಂಡ್ ಬಳಿಯ ಮಹಡಿಯ ಹಾಲಿನಲ್ಲಿ ಚೀಟಿ ಹಾಕುವುದು ಮುಗಿಯಿತು. ಚುನಾವಣಾಧಿಕಾರಿಯಾಗಿ ಕಾರ್ಕಳದಿಂದ ಬಂದಿದ್ದ ಹಿರಿಯರು ಅನಂತೇಶ ರಾಯರು. ಕನ್ನಡಕ ಸರಿಮಾಡಿಕೊಂಡು ಓದಿದರು: ಹಯಗ್ರೀವ ಇಪ್ಪತ್ತಾರು, ಕರುಣಾಕರ ಹತ್ತೊಂಬತ್ತು.

ಕರುಣಾಕರ ಕುಳಿತವರ ತಲೆ ಎಣಿಸಿದ. ಮೂವತ್ತೆಂಟು.

“ಮೋಸ! ಮೂವತ್ತೆಂಟು ತಲೆಗೆ ನಲವತ್ತೈದು ಚೀಟಿ ಎಲ್ಲಿಂದ ಬಂತು?”

“ಬಿಡಿ ಮಾರಾಯ್ರೆ. ಹತ್ತೊಂಬತ್ತು ಬಂದದ್ದೇ ದೊಡ್ಡ ಮರ್ಯಾದೆ” ಎಂದರು ರಾಯರು.

ಕರುಣಾಕರ ಮೇಜು ಗುದ್ದಿದ. “ಸದಸ್ಯರ ಪುಸ್ತಕ ತೆಗೆಯಿರಿ! ಒಂದೊಂದೇ ಹೆಸರು ಕರೆದು ಪುನಃ ಚೀಟಿ ಹಾಕಿಸಿ. ಪುಸ್ತಕದಲ್ಲಿ ಇಲ್ಲದವ ಯಾರೇ ಇರಲಿ, ಹೊರಗೆ!”

ಆಂಟನಿಯ ಮುಖ ಇಂಗು ತಿಂದ ಮಂಗನಂತಾಯಿತು. ಪುಸ್ತಕ ತೆರೆದೊಡನೆ ಹಯಗ್ರೀವನ ಹೋಟೆಲಿನ ನಾಲ್ವರು ಸಪ್ಲೈಯರುಗಳು ಮೆಟ್ಟಿಲಿಳಿದು ಓಡಿದರು. ಅಷ್ಟು ಹೊತ್ತು ಪಿಸುಗುಟ್ಟಿದವರೆಲ್ಲ ಧೈರ್ಯ ತಂದುಕೊಂಡು ಚಪ್ಪಾಳೆ ತಟ್ಟಿದರು. ಇನ್ನು ಗೆಲುವು ಖಂಡಿತ ಎಂದು ಕರುಣಾಕರ ಎದೆಯುಬ್ಬಿಸಿ ನಿಂತ.

ನಾನೂರ ಹನ್ನೆರಡು ಹೆಸರು. ಸಂಖ್ಯೆ ತೋರಿಸಲು ಬರೆದ ದುಬೈಯವರು, ತೀರಿಹೋದವರು, ಎಲ್ಲರನ್ನೂ ಕರೆದದ್ದಾಯಿತು. ರಾಯರು ಪುಸ್ತಕ ಮುಚ್ಚಿದರು.

“ನನ್ನ ಹೆಸರು ಕರೆಯಲಿಲ್ಲ” ಎಂದ ಕರುಣಾಕರ.

ರಾಯರು ಮೊದಲಿನಿಂದ ಪುಟ ತಿರುವಿದರು. ಪ್ರತಿಯೊಂದು ಹೆಸರೂ ಕರುಣಾಕರನದೇ ದುಂಡು ಅಕ್ಷರದಲ್ಲಿತ್ತು. ಹಯಗ್ರೀವನನ್ನು ಬರೆದುಕೊಂಡವನೂ ಅವನೇ. ಅವನ ಹೆಸರು ಮಾತ್ರ ಇರಲಿಲ್ಲ. ಊರಿಗೆಲ್ಲ ಫಾರ್ಮು ತುಂಬಿಸಿದವನಿಗೆ ತನಗೊಂದು ತುಂಬಿಸಬೇಕೆಂದು ಹೊಳೆದೇ ಇರಲಿಲ್ಲ.

“ನಾನು ಪಕ್ಷದವನೇ ಅಲ್ವಾ? ನನಗೆ ಎಂತದು ಫಾರ್ಮು?” ಎಂದು ಅವನು ಪುಸ್ತಕ ಎಳೆದುಕೊಂಡ.

“ಪುಸ್ತಕದಲ್ಲಿ ಇಲ್ಲದವ ಹೊರಗೆ ಅಂತ ಹೇಳಿದ್ದು ನೀವೇ” ಎಂದು ರಾಯರು ತಲೆ ತಗ್ಗಿಸಿ, ಹಯಗ್ರೀವನ ಅವಿರೋಧ ಆಯ್ಕೆ ಘೋಷಿಸಿದರು.

ಕರುಣಾಕರನಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಆಂಟನಿ ಹೊಸ ಫಾರ್ಮು ತಂದು ಮುಂದಿಟ್ಟ. ಕೊನೆಯಲ್ಲಿ ‘ಪರಿಚಯಿಸುವ ಸದಸ್ಯರ ಸಹಿ’ ಎಂದಿತ್ತು. ಕರುಣಾಕರ ಸುತ್ತ ನೋಡಿದ. ಅವನಿಗೆ ಓಟು ಹಾಕಿದವರೆಲ್ಲ ಚಪ್ಪಲಿ ಹುಡುಕುತ್ತಿದ್ದರು.

ಹಯಗ್ರೀವ ಕಿಸೆಯಿಂದ ಪೆನ್ನು ತೆಗೆದು ಸಹಿ ಹಾಕಿ, ಕರುಣಾಕರನ ಬೆನ್ನು ತಟ್ಟಿದ.

“ನಿಮ್ಮಂಥ ಹೊಸಬರು ಪಕ್ಷಕ್ಕೆ ಬರಬೇಕು ಮಾರಾಯ್ರೆ.”