ಮಾವನವರು ತಿಂದ ಸೆಮಿನಾರು

ಸಂಶೋಧನೆ ಮಾಡುವವನು ಮದುವೆಯಾಗಬಾರದು. ಮದುವೆಯಾದರೂ ಅಡುಗೆಮನೆಯಲ್ಲಿ ಪ್ರಯೋಗ ಇಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡನ್ನೂ ಮಾಡಿದವನಾದ್ದರಿಂದ ಹೇಳುತ್ತಿದ್ದೇನೆ. ಅರವತ್ತರ ದಶಕದಲ್ಲಿ ನನಗೆ ಹರಿಹರದಲ್ಲಿ ಬಾಡಿಗೆ ಮನೆ, ದಾವಣಗೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ. ಅಷ್ಟಕ್ಕೆ ಸುಮ್ಮನಿರದೆ ಡಾಕ್ಟರೇಟಿಗೆ ಹೆಸರು ಹಚ್ಚಿದ್ದೆ. ಜೀವಕೋಶದ ಪೊರೆ ದಾಟಿ ನೀರು ಹೇಗೆ ಒಳಗೆ ಹೋಗುತ್ತದೆ, ಹೇಗೆ ಹೊರಬೀಳುತ್ತದೆ ಎಂಬುದು ನನ್ನ ವಿಷಯ. 'ಸೆಲ್ ಬಗ್ಗೆ ಓದುತ್ತಿದ್ದೇನೆ' ಎಂದು ಓಣಿಯಲ್ಲಿ ಹೇಳಿದ ತಪ್ಪಿಗೆ, ಪಕ್ಕದ ಮನೆಯವರು ಉರಿಯದ ಬ್ಯಾಟರಿಯೊಂದನ್ನು ತಂದು ನನ್ನ ಕೈಗಿತ್ತು ಹೋಗಿದ್ದರು.

ಡಾಕ್ಟರೇಟಿನ ಜೊತೆಗೆ ಸೆಮಿನಾರ್ ಕೋರ್ಸು ಅಂತ ಒಂದಿತ್ತು. ನಮ್ಮ ಗೈಡು ತಿಂಗಳಿಗೊಮ್ಮೆ ದಾವಣಗೆರೆಗೆ ಬಂದು, ನಮ್ಮಂಥ ಕೆಲವರನ್ನು ಕೂಡಿಸಿಕೊಂಡು, ಸರದಿಯ ಮೇಲೆ ಮಾತಾಡಿಸುತ್ತಿದ್ದರು. ನನ್ನ ಮೊದಲ ಸರದಿಯಲ್ಲಿ ನಾನು ಹಾಳೆ ನೋಡಿಕೊಂಡು ಓದಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಓದೋದು ನನಗೂ ಬರುತ್ತೆ. ಮುಂದಿನ ಸಲ ಕಣ್ಣಿಗೆ ತೋರಿಸ್ರಿ. ಇಲ್ಲಾಂದ್ರೆ ಕೋರ್ಸು ಮುಗೀತು ಅಂತ ನಾನು ಸಹಿ ಹಾಕಲ್ಲ" ಎಂದರು.

ತೋರಿಸಲು ಈರುಳ್ಳಿಯೇ ಸುಲಭ. ಅದರ ಎಸಳಿನ ತೆಳು ಸಿಪ್ಪೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕೋಶಗಳು ಇಟ್ಟಿಗೆ ಗೋಡೆಯಂತೆ ಕಾಣುತ್ತವೆ. ಉಪ್ಪುನೀರಲ್ಲಿ ನೆನೆದಿದ್ದರೆ ಒಳಗಿನದೆಲ್ಲ ಕುಗ್ಗಿ ಮುದ್ದೆಯಾಗುತ್ತದೆ. ಹೆಚ್ಚು ಹೊತ್ತು ನೆನೆದಷ್ಟೂ ಚೆನ್ನಾಗಿ ಕುಗ್ಗೀತೆಂದು, ಹಿಂದಿನ ದಿನವೇ ಕೆಂಪು ಎಸಳುಗಳನ್ನು ಒಂದು ಬಟ್ಟಲಲ್ಲಿ ಸಪ್ಪೆ ನೀರಿಗೆ, ಇನ್ನೊಂದರಲ್ಲಿ ಉಪ್ಪುನೀರಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಮುಟ್ಟಬೇಡ ಎಂದು ಹೆಂಡತಿ ಗಿರಿಜೆಗೆ ಹೇಳಿದ್ದೆ. ಅವಳ ಅಪ್ಪನಿಗೆ ಹೇಳಿರಲಿಲ್ಲ.

ಸೆಮಿನಾರಿನ ದಿನ ಬೆಳಿಗ್ಗೆ ಅವರು ನಂದಿಗುಡಿಯಿಂದ ಮೊದಲ ಬಸ್ಸಿಗೇ ಬಂದಿಳಿದಿದ್ದರು, ದಾವಣಗೆರೆಯಲ್ಲಿ ಬಟ್ಟೆ ಖರೀದಿಗೆಂದು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಂಡಕ್ಕಿಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಉಪ್ಪುನೀರಿನ ಬಟ್ಟಲು. ಬರೀ ಬಟ್ಟಲು.

"ಬರ್ರಿ, ಕೂಡ್ರಿ" ಎಂದರು ಮಾವನವರು ಪ್ರೀತಿಯಿಂದ. "ಉಳ್ಳಾಗಡ್ಡಿ ಭಾಳ ಚಲೋ ನೆಂದಿತ್ತು. ಆ ಇನ್ನೊಂದು ಬಟ್ಟಲದಾಗೆ ಉಪ್ಪೇ ಇಲ್ಲ. ಗಿರಿಜಾ ಮರ್ತಾಳೆ ಅನ್ನಿಸ್ತೈತೆ."

ಹೆಣ್ಣು ಕೊಟ್ಟ ಮಾವನ ಮುಂದೆ ಅಳಿಯ ಎಷ್ಟು ಕೂಗಾಡಬಹುದು? ಗಿರಿಜೆ ಒಳಗೆ ಕರೆದು, ಹಸಿದು ಬಂದವರು ತಿಂದರೆ ಏನಾಯ್ತು, ಹಾಗೆ ಮುಖ ಮಾಡಬೇಡಿ ಎಂದು ನನಗೇ ಬುದ್ಧಿ ಹೇಳಿದಳು. ವಿಷಯ ತಿಳಿದ ಮೇಲೆ ಮಾವನವರು ಪಾಪ, ಕುಗ್ಗಿಹೋದರು. ದಾವಣಗೆರೆಯವರೆಗೂ ಬಸ್ಸಿನಲ್ಲಿ ಸಪ್ಪೆ ಬಟ್ಟಲನ್ನು ಒಂದು ತೊಟ್ಟು ತುಳುಕದಂತೆ ತೊಡೆಯ ಮೇಲೆ ಹಿಡಿದು ಕೂತರು. ಬಟ್ಟೆ ಖರೀದಿ ಬಿಟ್ಟು ಕಾಲೇಜಿಗೇ ಬಂದು, ಸೆಮಿನಾರಿನ ಹಿಂದಿನ ಬೆಂಚಿನಲ್ಲಿ ರುಮಾಲು ತೆಗೆದಿಟ್ಟು ಕೈಕಟ್ಟಿ ಕೂತುಬಿಟ್ಟರು.

ನಾನು ಕ್ಯಾಂಟೀನಿಗೆ ಓಡಿ ಉಪ್ಪು ಕೇಳಿದೆ. ಮಾಲೀಕರು, ಉಪ್ಪಿಟ್ಟಿಗೆ ಕಡಿಮೆಯಾಗೈತಾ ಎಂದು ವಿಚಾರಿಸಿ, ಕಾಗದದಲ್ಲಿ ಕಟ್ಟಿಕೊಟ್ಟರು. ಬೇರೆ ದಾರಿ ಕಾಣದೆ ಗೈಡಿನ ಎದುರಿಗೇ ಸಿಪ್ಪೆಗೆ ಉಪ್ಪುನೀರು ಬಿಟ್ಟೆ. ಅವರು ಸೂಕ್ಷ್ಮದರ್ಶಕಕ್ಕೆ ಬಗ್ಗಿದವರು ಏಳಲೇ ಇಲ್ಲ. ಕೋಶಗಳು ನೋಡನೋಡುತ್ತಿದ್ದಂತೆ ಕುಗ್ಗುತ್ತಿದ್ದವು. ಸಪ್ಪೆ ನೀರು ಬಿಟ್ಟಾಗ ಮತ್ತೆ ಉಬ್ಬಿದವು. ಚೆನ್ನಾಗಿದೆ, ಹಿಂದಿನ ದಿನವೇ ಉಪ್ಪುನೀರಲ್ಲಿ ನೆನೆಹಾಕಿ ತರುವ ಪೆದ್ದತನ ಮಾಡಲಿಲ್ಲವಲ್ಲ ಎಂದು ಮೆಚ್ಚಿಕೊಂಡರು. ಹಾಗೆ ಮಾಡಿದ್ದರೆ ಕೋಶಗಳೆಲ್ಲ ಸತ್ತು, ಆಮೇಲೆ ಎಷ್ಟು ನೀರು ಬಿಟ್ಟರೂ ಉಬ್ಬುತ್ತಿರಲಿಲ್ಲವಂತೆ. ನಾನು ವಿನಯದಿಂದ ತಲೆ ಬಗ್ಗಿಸಿದೆ. ಹಿಂದಿನ ಬೆಂಚಿನಿಂದ ಮಾವನವರು ಸಮಾಧಾನದ ದೊಡ್ಡ ತೇಗು ಬಿಟ್ಟರು. ಗೈಡು ಸಹಿ ಹಾಕಿದರು.

ಮುಂದೆ ಪ್ರಬಂಧ ಬರೆದಾಗ ಕೃತಜ್ಞತೆಯ ಪುಟದಲ್ಲಿ ಮಾವನವರಿಗೂ ಒಂದು ಸಾಲು ಬರೆದೆ. ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ಪೊರೆಯ ಬಗ್ಗೆ, ಒತ್ತಡದ ಬಗ್ಗೆ ಏನೇನೋ ಕೇಳಿ ನನ್ನ ಬೆವರಿಳಿಸಿದರು. ಕೊನೆಗೆ, ಈ ಯಜಮಾನರ ನೆರವು ಯಾವ ಬಗೆಯದು ಎಂದರು.

"ಅವರಿಲ್ಲದಿದ್ದರೆ ನನ್ನ ಪ್ರಯೋಗ ಕೆಡುತ್ತಿತ್ತು ಸಾರ್" ಎಂದೆ.

ಅವತ್ತು ನಾನು ತಡವರಿಸದೆ ಕೊಟ್ಟ ಉತ್ತರ ಅದೊಂದೇ.