ಮೂರನೇ ಅಂಕದಲ್ಲಿ ಮೃತನಾದ ನೌಕರ

ನಗರಸಭೆಯ ನಾಟಕ ಮಂಡಳಿಯ ನಾಯಕ ನಟನು, ಕರ್ತವ್ಯದಲ್ಲಿದ್ದಾಗಲೇ ತುಂಬಿದ ಸಭಾಂಗಣದ ಎದುರು ಪದೇ ಪದೇ ಸತ್ತಿದ್ದರೂ, ಮರುದಿನ ಕೆಲಸಕ್ಕೆ ಹಾಜರಾಗುತ್ತಿದ್ದಾನೆಂಬುದು ಲೆಕ್ಕ ತಪಾಸಣೆಯಲ್ಲಿ ಬೆಳಕಿಗೆ ಬಂದಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವನು ಸಾಯುತ್ತಿದ್ದುದು ನಾಟಕದಲ್ಲಿ. ನಾಟಕದಲ್ಲಿ ಸಾಯುವುದೆಂದರೆ ನಿಜವಾಗಿ ಸಾಯುವುದಲ್ಲ. ಪರದೆ ಬಿದ್ದ ಮೇಲೆ ಎದ್ದು, ಮುಖದ ಬಣ್ಣ ತೊಳೆದು ಮನೆಗೆ ಹೋಗುವುದಿರುತ್ತದೆ. ಕಥೆ ಇಷ್ಟೇ. ಕಣಜದ ಧಾನ್ಯ ಕದ್ದವರು ಯಾರೆಂದು ರಾಜ ನಾಯಕನನ್ನು ಕೇಳುತ್ತಾನೆ. ಕದ್ದವನು ರಾಜನೇ. ಹಾಗೆಂದು ಹೇಳಿದರೆ ನೇಣು, ಗೊತ್ತಿಲ್ಲವೆಂದರೆ ಬಿಡುಗಡೆ. ನಾಯಕ ನಿಜ ಹೇಳಿ ನೇಣಿಗೇರುತ್ತಾನೆ. ಹಿಂದಿನ ತಪಾಸಣಾಧಿಕಾರಿಗಳು ಮಧ್ಯಂತರದಲ್ಲೇ ಎದ್ದು ಹೋಗುತ್ತಿದ್ದುದರಿಂದ ಈ ಸಾವು ಯಾರ ಗಮನಕ್ಕೂ ಬಂದಿರಲಿಲ್ಲ. ಈ ಸಲದವರು ಛತ್ರಿ ತಂದಿರಲಿಲ್ಲ. ಹೊರಗೆ ಮಳೆ. ಕೊನೆಯವರೆಗೂ ಕೂತುಬಿಟ್ಟರು.

ಮ್ಯಾನೇಜರು ನಾಯಕನನ್ನು ಕರೆಸಿ ಹೊಸ ನಿಯಮ ಓದಿದರು: "ಕರ್ತವ್ಯದ ವೇಳೆ ಸಾಕ್ಷಿಗಳೆದುರು ಮೃತನಾದ ನೌಕರನನ್ನು ಮೃತನೆಂದೇ ಪರಿಗಣಿಸತಕ್ಕದ್ದು. ಮೃತರ ಆಕ್ಷೇಪಣೆಯನ್ನು ಸ್ವೀಕರಿಸತಕ್ಕದ್ದಲ್ಲ."

"ಸರ್, ನಾನು ಬದುಕಿದ್ದೀನಲ್ಲ!"

"ನಿನ್ನೆ ತನಕ ಸತ್ತಿದ್ದೆಲ್ಲ ಮಾಫಿ ಕಣಪ್ಪ. ಇವತ್ತು ಸಂಜೆಯಿಂದ ಜಾರಿ. ಗೊತ್ತಿಲ್ಲ ಅಂದುಬಿಡು."

"ಸತ್ಯವಂತ ಅಂತ ಊರ ತುಂಬ ಪೋಸ್ಟರ್ ಅಂಟಿಸಿದೀವಿ ಸರ್."

"ಪೋಸ್ಟರಿಗೆ ಸಂಬಳ ಇಲ್ಲ. ನಿನಗಿದೆ."

ಮನೆಯೆಂದರೆ ಮಂಡಳಿ ಕೊಟ್ಟ ಎರಡು ಕೋಣೆ. ಕೆಲಸ ಹೋದರೆ ಅದೂ ಹೋಗುತ್ತದೆ. ಹೆಂಡತಿ ಅವನ ವೇಷದ ಅಂಗಿಗೆ ಇಸ್ತ್ರಿ ಹಾಕುತ್ತ, "ರೀ, ಇಷ್ಟು ವರ್ಷ ಸತ್ತಿದ್ದು ಸಾಲದಾ? ಒಂದು ದಿನ ಬದುಕಿ ನೋಡಿ. ಮನೆ ಬಿಟ್ರೆ ಅತ್ತೇನ ಎಲ್ಲಿ ಮಲಗಿಸ್ತೀರಿ, ಸಿಂಹಾಸನದ ಮೇಲಾ?" ಎಂದಳು.

ಮಂಚದ ಮೇಲಿದ್ದ ತಾಯಿ, "ಅವನಿಗೆ ಸುಳ್ಳು ಹೇಳೋಕೆ ಬರಲ್ಲ ಕಣೇ. ಚಿಕ್ಕವನಿದ್ದಾಗ ಬಾಯೆಲ್ಲ ಸಕ್ಕರೆ ಮಾಡ್ಕೊಂಡು, ನಾನು ಕೇಳೋ ಮೊದಲೇ ಬಂದು 'ತಿಂದಿಲ್ಲ' ಅನ್ನೋನು," ಎಂದರು.

ಸಂಜೆ ಮೂರನೇ ಅಂಕ ಬಂತು. ನಿಯಮದ ಸುದ್ದಿ ಹಬ್ಬಿ ಸಭಾಂಗಣ ಕಿಕ್ಕಿರಿದಿತ್ತು. ರಾಜ ಕೇಳಿದ: "ಹೇಳು, ಕದ್ದವರಾರು?"

"ಗೊತ್ತಿಲ್ಲ ಅನ್ನಪ್ಪಾ!" ಹಿಂದಿನ ಸಾಲಿನವರು ಕೂಗಿದರು. "ಅಂದುಬಿಡೋ," ರಾಜನೂ ಮೀಸೆಯ ಮರೆಯಲ್ಲಿ ಪಿಸುಗುಟ್ಟಿದ. ಆಮೇಲೆ ಇಡೀ ಸಭಾಂಗಣವೇ ಕೂಗತೊಡಗಿತು.

ನಾಯಕ ಬಾಯಿ ತೆರೆದ. ಗೊತ್ತಿಲ್ಲ ಅನ್ನಲೆಂದೇ ತೆರೆದದ್ದು. ಆದರೆ ಅಷ್ಟು ಜನ ಒಟ್ಟಿಗೆ, ಅದೂ ಪ್ರೀತಿಯಿಂದ, ಸುಳ್ಳು ಹೇಳು ಅನ್ನುವುದನ್ನು ಅವನು ಎಂದೂ ಕೇಳಿರಲಿಲ್ಲ. ನಾಚಿಕೆಯಾಯಿತು.

"ಕಳ್ಳ ನೀನೇ," ಎಂದ.

ನಿಯಮಾನುಸಾರ ನೇಣು ಹಾಕಲಾಯಿತು.

ಸತ್ತವರಿಗೆ ಬಹುವಚನ ಸಲ್ಲುವುದರಿಂದ ಇನ್ನು ಮುಂದೆ 'ಅವರು' ಎನ್ನಬೇಕು. ಬೆಳಿಗ್ಗೆ ನಡೆದ ಸಂತಾಪ ಸಭೆಗೆ ಅವರೂ ಬಂದಿದ್ದರು. ಕುರ್ಚಿಗಳು ಸಿಬ್ಬಂದಿಗೆ ಮೀಸಲಾದ್ದರಿಂದ ಬಾಗಿಲ ಬಳಿ ನಿಂತಿದ್ದರು. ಮ್ಯಾನೇಜರು ನಿಜಕ್ಕೂ ಅತ್ತರು.

"ಸರ್, ಇಲ್ಲೇ ಇದ್ದೀನಿ."

"ದುಃಖದಲ್ಲಿರೋರಿಗೆ ತೊಂದರೆ ಕೊಡಬೇಡಪ್ಪ," ಎಂದು ಮ್ಯಾನೇಜರು ಕಣ್ಣೊರೆಸಿಕೊಂಡು, ಒಂದು ನಿಮಿಷ ಮೌನ ಆಚರಿಸಲು ಕೋರಿದರು. ಅವರೂ ಆಚರಿಸಿದರು.

ಅನಂತರ ಮೃತರ ಪತ್ನಿಗೆ ಅನುಕಂಪದ ಆಧಾರದ ಮೇಲೆ ನೌಕರಿ ನೀಡಲಾಯಿತು. ಖಾಲಿಯಿದ್ದದ್ದು ನಾಯಕನ ಹುದ್ದೆಯೊಂದೇ ಆದ್ದರಿಂದ ಅದನ್ನೇ ಕೊಟ್ಟರು. ಎರಡು ಕೋಣೆಗಳೂ ಆಕೆಯ ಹೆಸರಿಗೆ ಬಂದವು.

ಆ ಸಂಜೆ ಆಕೆ ಅಂಟಿಸಿಕೊಂಡಿದ್ದ ಮೀಸೆ ಕೀಳುತ್ತ ಬೇಗನೇ ಮನೆಗೆ ಬಂದಳು.

"ರಾಜ ಕೇಳಿದ್ನಾ?" ಎಂದರು ಅವರು.

"ಕೇಳಿದ. ಇಲಿ ತಿಂದ್ವು ಅಂದೆ."

"ಜನ?"

"ಎದ್ದು ನಿಂತು ಚಪ್ಪಾಳೆ ತಟ್ಟಿದ್ರು."

"ಆದ್ರೆ ಕದ್ದಿದ್ದು ರಾಜ ಕಣೇ!"

"ಗೊತ್ತು ರೀ. ಜನಕ್ಕೂ ಗೊತ್ತು, ಆ ರಾಜನಿಗೂ ಗೊತ್ತು. ಸತ್ತೋರು ನಿಮಗ್ಯಾಕೆ ಈ ಉಸಾಬರಿ?"

"ಮೊದಲು ಅವಳಿಗೆ ಬಡಿಸೋ," ಎಂದರು ತಾಯಿ ಮಂಚದಿಂದ. "ದುಡಿದು ಬಂದಿದ್ದಾಳೆ."

ದಿವಂಗತರು ಬಡಿಸಿದರು.